ಲಾಂಗ್ ಡಿಸ್ಟೆನ್ಸ್ ಓಟ, ನಡಿಗೆಗೆ ತಯಾರಿ: ಪದೇ ಪದೇ ಕೇಳೋ ಪ್ರಶ್ನೆಗಳು

ಮೊದಲನೇ ಸಲ ಹಾಫ್ ಮ್ಯಾರಥಾನ್‌ಗೋ ಫುಲ್ ಮ್ಯಾರಥಾನ್‌ಗೋ ಹೆಸರು ಕೊಟ್ಟವರು ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಓಡೋರಿಗೂ ನಡೆಯೋರಿಗೂ ಸೇರಿಸಿಯೇ ಬರ್ದಿದೀನಿ, ಯಾಕಂದ್ರೆ ಗಂಟೆಗಟ್ಟಲೆ ಕಾಲ ಮೇಲೆ ಇರ್ಬೇಕಾದಾಗ ಇಬ್ಬರ ಕಷ್ಟಾನೂ ಮುಕ್ಕಾಲು ಪಾಲು ಒಂದೇ. ಬೇಕಾದ ಪ್ರಶ್ನೆಗೆ ನೇರ ಹೋಗಿ, ಆದ್ರೆ ಸ್ಪೀಡ್ ಬಗ್ಗೆ ಇರೋ ಎರಡು ಉತ್ತರ ಮಾತ್ರ ಬಿಡ್ಬೇಡಿ.

ಯಾವ ದೂರ ಆರಿಸ್ಕೊಳ್ಳಲಿ?

ಮಾಮೂಲಿ ರೇಸ್‌ಗಳು 5 ಕಿ.ಮೀ., 10 ಕಿ.ಮೀ., ಹಾಫ್ ಅಂದ್ರೆ 21.0975, ಫುಲ್ ಅಂದ್ರೆ 42.195. ಅದಕ್ಕಿಂತ ಜಾಸ್ತಿ ಇರೋದೆಲ್ಲಾ ಅಲ್ಟ್ರಾ. (ಈ 42.195 ಅನ್ನೋ ವಿಚಿತ್ರ ಲೆಕ್ಕ 1908ರ ಲಂಡನ್ ಒಲಿಂಪಿಕ್ಸ್‌ದು, ವಿಂಡ್ಸರ್ ಕೋಟೆಯಿಂದ ಸ್ಟೇಡಿಯಂನಲ್ಲಿ ರಾಜಮನೆತನದವರು ಕೂರೋ ಜಾಗದ ಮುಂದಕ್ಕೆ ಬರೋ ಹಾಗೆ ದಾರಿ ಹಾಕಿದ್ರು, 1921ರಲ್ಲಿ ಅದನ್ನೇ ಖಾಯಂ ಮಾಡಿದ್ರು.) ಸದ್ಯಕ್ಕೆ ಏನೂ ಓಡ್ತಾ ಇಲ್ಲ ಅಂದ್ರೆ 5 ಅಥವಾ 10ರಿಂದ ಶುರು ಮಾಡಿ. ಫ್ರೆಂಡ್ಸ್ ಎಲ್ಲಾ ಫುಲ್‌ಗೆ ಹೆಸರು ಕೊಟ್ರು ಅಂತ ನೀವೂ ಕೊಡೋದು ತಯಾರಿಯ ಮೊದಲನೇ ತಪ್ಪು ಅಂತ ನನ್ನ ಲೆಕ್ಕ, ಆ ದೂರ ಎಲ್ಲೂ ಓಡಿಹೋಗಲ್ಲ, ಮುಂದಿನ ವರ್ಷಾನೂ ಇರತ್ತೆ.

ತಯಾರಿಗೆ ಎಷ್ಟು ಟೈಮ್ ಬೇಕು?

ಏನೂ ಅಭ್ಯಾಸ ಇಲ್ದೆ 5 ಕಿ.ಮೀ.ಗೆ ಎರಡು ಎರಡೂವರೆ ತಿಂಗಳು. 5-6 ಕಿ.ಮೀ. ಆರಾಮಾಗಿ ಓಡೋರಿಗೆ ಹಾಫ್‌ಗೆ 12ರಿಂದ 16 ವಾರ. ಫುಲ್‌ಗೆ 16ರಿಂದ 20 ವಾರ, ಅದೂ ಅದಕ್ಕೆ ಮುಂಚೆ ಕೆಲವು ತಿಂಗಳು ರೆಗ್ಯುಲರ್ ಆಗಿ ಓಡ್ತಾ ಇದ್ದೋರಿಗೆ.

ಇಷ್ಟು ದಿನ ಯಾಕೆ ಅಂತ ಕೇಳೋರಿಗೆ: ಹೃದಯ, ಶ್ವಾಸಕೋಶ, ರಕ್ತ ಇವೆಲ್ಲಾ ವಾರಗಳಲ್ಲೇ ಹೊಂದ್ಕೊಳ್ಳತ್ತೆ, ಒಂದೂವರೆ ತಿಂಗಳಲ್ಲಿ ಏದುಸಿರು ಕಮ್ಮಿ ಆಗಿ "ಅರೆ, ನಾನು ಇನ್ನೂ ಓಡಬಲ್ಲೆ" ಅನ್ಸತ್ತೆ. ಮೂಳೆ, ಸ್ನಾಯುರಜ್ಜು ಹಾಗಲ್ಲ, ಅವು ಗಟ್ಟಿ ಆಗೋಕೆ ತಿಂಗಳುಗಟ್ಟಲೆ ಬೇಕು. ಹೊಸಬರಿಗೆ ಪೆಟ್ಟು ಆಗೋದು ಬಹಳ ಸಲ ಈ ಅಂತರದಲ್ಲೇ, ಉಸಿರು ರೆಡಿ, ಕಾಲು ರೆಡಿ ಇಲ್ಲ, ಇವರು ಉಸಿರಿನ ಮಾತು ಕೇಳಿ ದೂರಾನೂ ಸ್ಪೀಡೂ ಎರಡೂ ಒಟ್ಟಿಗೆ ಏರಿಸ್ತಾರೆ.

ಡಾಕ್ಟರ್‌ಗೆ ತೋರಿಸ್ಬೇಕಾ?

ಹೃದಯದ ತೊಂದರೆ, ಬಿ.ಪಿ., ಶುಗರ್, ಕಿಡ್ನಿ ತೊಂದರೆ ಇದ್ರೆ, ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲೇ ದಿಢೀರ್ ಅಂತ ಹೃದಯದಿಂದ ತೀರ್ಕೊಂಡಿದ್ರೆ, ಓಡುವಾಗ ಎದೆ ಬಿಗಿಯೋದು, ತಲೆ ತಿರುಗೋದು ಆಗಿದ್ರೆ ಹೌದು, ಶುರು ಮಾಡೋಕೆ ಮುಂಚೆನೇ ತೋರಿಸಿ. ವರ್ಷಗಟ್ಟಲೆ ಕೂತೇ ಇದ್ದು ಈಗ ಎದ್ದವರೂ ತೋರಿಸ್ಕೊಂಡ್ರೆ ಒಳ್ಳೇದು.

ವಾರಕ್ಕೆ ಎಷ್ಟು ದಿನ ಓಡ್ಬೇಕು?

ಮೂರು ಅಥವಾ ನಾಲ್ಕು ದಿನ ಸಾಕು. ಎರಡು ದಿನ ಆರಾಮದ ಓಟ, ಒಂದು ದಿನ ಲಾಂಗ್ ರನ್ (ಆ ವಾರದ ಅತಿ ಉದ್ದದ ಓಟ), ನಾಲ್ಕನೇ ದಿನ ಇದ್ರೆ ಅದರಲ್ಲಿ ಸ್ವಲ್ಪ ಜೋರು, ಏರು ಹತ್ತೋದೋ ಹತ್ತು ಹತ್ತು ನಿಮಿಷ ರೇಸ್ ವೇಗದಲ್ಲಿ ಓಡೋದೋ. ಉಳಿದ ದಿನ ರೆಸ್ಟ್, ನಡಿಗೆ, ಸೈಕಲ್. ದಿನಾ ಓಡ್ತೀನಿ ಅನ್ನೋ ಹಟ ಮೊದಲ ವರ್ಷ ಬೇಡ. ಓಡಿದಾಗ ಆಗೋದು ಸವೆತ, ಗಟ್ಟಿ ಆಗೋದು ಮಲಗಿದಾಗ.

ನಿಧಾನ ಓಡಿ ನಿಧಾನ ಓಡಿ ಅಂತೀರಲ್ಲ, ಎಷ್ಟು ನಿಧಾನ?

ಪಕ್ಕದೋರ ಜೊತೆ ಪೂರ್ತಿ ವಾಕ್ಯ ಮಾತಾಡ್ಕೊಂಡು ಓಡೋಕೆ ಆಗ್ಬೇಕು, ಅಷ್ಟು ನಿಧಾನ. ಎರಡು ಮೂರು ಪದಕ್ಕೇ ಉಸಿರು ಕಟ್ಟಿದ್ರೆ ನೀವು ಆರಾಮದ ಓಟ ಓಡ್ತಿಲ್ಲ. ಒಬ್ಬರೇ ಇದ್ರೆ ಜೋರಾಗಿ ಏನಾದ್ರೂ ಹೇಳ್ಕೊಂಡು ನೋಡಿ, ನೋಡೋರು ನೋಡ್ಲಿ.

ಇದನ್ನ ಒಪ್ಕೊಳ್ಳೋಕೆ ಜನಕ್ಕೆ ತುಂಬಾ ಕಷ್ಟ, ನಂಗೊತ್ತು. ಬಿರುಸಾಗಿ ನಡೆಯೋರು ಪಕ್ಕದಲ್ಲೇ ದಾಟ್ಕೊಂಡು ಹೋಗ್ತಾರೆ, ಆ್ಯಪ್‌ನಲ್ಲಿ ಎಲ್ಲರಿಗೂ ನಮ್ಮ ಪೇಸ್ (ಒಂದು ಕಿಲೋಮೀಟರ್‌ಗೆ ಹಿಡಿಯೋ ಟೈಮ್) ಕಾಣತ್ತೆ, ಮಾನ ಹೋದಂಗೆ ಅನ್ಸತ್ತೆ. ಆದ್ರೆ ಸ್ಟೀಫನ್ ಸೈಲರ್ ಅನ್ನೋ ಸಂಶೋಧಕರು ಮೇಲ್ಮಟ್ಟದ ಓಟಗಾರರು, ಸ್ಕೀಯಿಂಗ್‌ನವರು, ದೋಣಿ ಹುಟ್ಟು ಹಾಕೋರು ಹೆಂಗೆ ಟ್ರೇನಿಂಗ್ ಮಾಡ್ತಾರೆ ಅಂತ ನೋಡಿದಾಗ ಕಂಡಿದ್ದು ಏನಂದ್ರೆ ಸುಮಾರು 80 ಪರ್ಸೆಂಟ್ ಆರಾಮಾಗಿ, 20 ಪರ್ಸೆಂಟ್ ಮಾತ್ರ ಕಷ್ಟಪಟ್ಟು. ನಾವು ಮಾಡೋದೇನು, ಪ್ರತಿ ಸಲ ಮಧ್ಯಮ ಕಷ್ಟದಲ್ಲಿ ಓಡ್ತೀವಿ, ಆರಾಮಾನೂ ಅಲ್ಲ ಜೋರೂ ಅಲ್ಲ, ಸುಸ್ತು ಮಾತ್ರ ಪೂರ್ತಿ. ನಿಧಾನ ಓಡಿದಾಗ ದೇಹ ಕೊಬ್ಬನ್ನ ಜಾಸ್ತಿ ಉರಿಸತ್ತೆ, ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚತ್ತೆ, ಮಾರನೇ ದಿನ ಮತ್ತೆ ಓಡೋಕೆ ಕಾಲು ಉಳಿದಿರತ್ತೆ. ಒಟ್ಟು ದೂರ ಜಾಸ್ತಿ ಆಗೋದು ಹೀಗೇನೇ.

ಹಾರ್ಟ್ ರೇಟ್ ನೋಡ್ಕೊಂಡು ಓಡೋರು 220ರಲ್ಲಿ ವಯಸ್ಸು ಕಳೆಯೋ ಸೂತ್ರವನ್ನ ವೇದವಾಕ್ಯ ಮಾಡ್ಕೋಬೇಡಿ, ಒಬ್ಬರಿಂದ ಒಬ್ಬರಿಗೆ ಹತ್ತು ಬಡಿತಕ್ಕಿಂತ ಜಾಸ್ತಿ ವ್ಯತ್ಯಾಸ ಬರತ್ತೆ. ಮಾತಾಡೋ ಟೆಸ್ಟೇ ವಾಸಿ, ಚಾರ್ಜ್ ಮಾಡೋದೂ ಬೇಡ.

ರೇಸ್‌ಗೆ ಮುಂಚೆ ಒಂದು ಸಲನಾದ್ರೂ ಪೂರ್ತಿ 42 ಓಡಿ ನೋಡ್ಬೇಕಲ್ವಾ?

ಬೇಡ. ಫುಲ್‌ಗೆ ಲಾಂಗ್ ರನ್ 30-32 ಕಿ.ಮೀ.ಗೆ ನಿಲ್ಲಿಸೋದು ರೂಢಿ, ನಿಧಾನ ಓಡೋರಿಗೆ ಅದೂ ಅಲ್ಲ, ಮೂರು ಮೂರೂವರೆ ಗಂಟೆ ಆದ್ರೆ ಎಷ್ಟೇ ದೂರ ಆಗಿರ್ಲಿ ಮನೆಗೆ ಬನ್ನಿ. ಅದರಾಚೆ ಓಡಿದ್ರೆ ಸಿಗೋ ಲಾಭಕ್ಕಿಂತ ಚೇತರಿಸ್ಕೊಳ್ಳೋಕೆ ಹಿಡಿಯೋ ದಿನಗಳೇ ಜಾಸ್ತಿ. ಕೊನೇ 10 ಕಿ.ಮೀ.ನ ವಾರಗಟ್ಟಲೆ ಕೂಡಿಟ್ಟ ಓಟ, ಟೇಪರ್‌ನಲ್ಲಿ (ರೇಸ್‌ಗೆ ಮುಂಚಿನ ವಾರಗಳಲ್ಲಿ ಓಟ ಇಳಿಸೋದು) ಸಿಕ್ಕ ರೆಸ್ಟ್, ರೇಸ್ ದಿನದ ಜನ ಇವೆಲ್ಲಾ ಸೇರಿ ಎಳ್ಕೊಂಡು ಹೋಗತ್ತೆ. ಹಾಫ್‌ಗೆ 16-18 ಕಿ.ಮೀ. ಓಡಿದ್ರೆ ಸಾಕು.

ನಡೆಯೋರ ಲೆಕ್ಕ ಬೇರೆ. ನಡಿಗೇಲಿ ಒಂದಲ್ಲ ಒಂದು ಕಾಲು ನೆಲದ ಮೇಲೇ ಇರೋದ್ರಿಂದ ಮಂಡಿ, ಪಾದಕ್ಕೆ ಬೀಳೋ ಹೊಡೆತ ಕಮ್ಮಿ, ಹಾಗಾಗಿ ನಾಲ್ಕೈದು ಗಂಟೆ ಲಾಂಗ್ ವಾಕ್ ಮಾಡ್ಬಹುದು, ಮಾಡ್ಲೇಬೇಕು ಕೂಡ. ಅವರಿಗೆ ಸೋಲು ಬರೋದು ಉಸಿರಿಂದ ಅಲ್ಲ, ಪಾದದ ಚರ್ಮದಿಂದ, ಸೊಂಟದಿಂದ.

ವಾರಕ್ಕೆ 10 ಪರ್ಸೆಂಟ್ ಮಾತ್ರ ಏರಿಸ್ಬೇಕು ಅಂತಾರೆ, ನಿಜನಾ?

ಒಳ್ಳೇ ಅಂದಾಜು ಅಷ್ಟೇ, ವಿಜ್ಞಾನದ ನಿಯಮ ಅಲ್ಲ. ನೆದರ್ಲೆಂಡ್ಸ್‌ನಲ್ಲಿ ಹೊಸ ಓಟಗಾರರ ಮೇಲೆ ಇದನ್ನೇ ಟೆಸ್ಟ್ ಮಾಡಿ 2008ರಲ್ಲಿ ಪ್ರಕಟಿಸಿದ್ರು, 10 ಪರ್ಸೆಂಟ್ ಲೆಕ್ಕದಲ್ಲಿ ಏರಿಸಿದವರಿಗೂ ಮಾಮೂಲಿ ಪ್ಲ್ಯಾನ್‌ನವರಿಗೂ ಗಾಯದಲ್ಲಿ ವ್ಯತ್ಯಾಸ ಕಾಣ್ಲಿಲ್ಲ. ವಾರಕ್ಕೆ 10 ಕಿ.ಮೀ. ಓಡೋರು 2 ಕಿ.ಮೀ. ಏರಿಸಿದ್ರೆ ಏನೂ ಆಗಲ್ಲ, 60 ಓಡೋರು 6 ಏರಿಸಿದ್ರೂ ಭಾರ ಅನ್ಸಬಹುದು. ನಾನು ಹೇಳೋದು: ಮೂರು ವಾರ ಏರಿಸಿ, ನಾಲ್ಕನೇ ವಾರ ಕಾಲು ಭಾಗ ಇಳಿಸಿ, ಮತ್ತೆ ಏರಿಸಿ. ಒಂದೇ ಒಂದು ಲಾಂಗ್ ರನ್‌ನಲ್ಲಿ ದಿಢೀರ್ ಅಂತ ಐದಾರು ಕಿ.ಮೀ. ಜಾಸ್ತಿ ಮಾಡೋ ಹುಚ್ಚಾಟ ಬೇಡ.

ಮಧ್ಯೆ ಮಧ್ಯೆ ನಡೆದ್ರೆ ಅದು ಓಟ ಅನ್ಸತ್ತಾ?

ಅನ್ಸತ್ತೆ. ರಸ್ತೆ ಓಟದ ರೂಲ್ಸ್‌ನಲ್ಲಿ ನಡೀಬಾರದು ಅಂತ ಎಲ್ಲೂ ಇಲ್ಲ. 1972ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರ 10,000 ಮೀಟರ್ ಓಡಿದ ಜೆಫ್ ಗ್ಯಾಲೋವೇ ಈ ರನ್-ವಾಕ್ ಪದ್ಧತಿನ ಲಕ್ಷಾಂತರ ಜನಕ್ಕೆ ಮುಟ್ಟಿಸಿದ್ರು. ಗುಟ್ಟು ಇಷ್ಟೇ, ಸುಸ್ತಾದ್ಮೇಲೆ ನಡೆಯೋದಲ್ಲ, ಮೊದಲನೇ ಕಿಲೋಮೀಟರ್‌ನಿಂದಲೇ ನಡೆಯೋದು. ನಾಲ್ಕು ನಿಮಿಷ ಓಟ ಒಂದು ನಿಮಿಷ ನಡಿಗೆ, ಅಥವಾ ಎರಡು ನಿಮಿಷಕ್ಕೆ ಅರ್ಧ ನಿಮಿಷ, ನಿಮಗೆ ಒಗ್ಗಿದ್ದು. ಶುರುವಿನಲ್ಲಿ ಎಲ್ಲರೂ ಮುಂದೆ ಹೋಗ್ತಾರೆ, ಹೊಟ್ಟೆ ಉರಿಯತ್ತೆ, 32ನೇ ಕಿಲೋಮೀಟರ್‌ನಲ್ಲಿ ಅವರಲ್ಲೇ ಎಷ್ಟೋ ಜನ ಸೊಂಟ ಹಿಡ್ಕೊಂಡು ನಿಂತಿರೋದು ಕಾಣತ್ತೆ. ನಿಲ್ಲುವಾಗ ಮಾತ್ರ ರಸ್ತೆ ಅಂಚಿಗೆ ಬನ್ನಿ, ಹಿಂದೆ ಬರೋರು ಡಿಕ್ಕಿ ಹೊಡೀಬಾರದು.

ನಾನು ಪೂರ್ತಿ ನಡೀತೀನಿ. ಕಟ್ ಆಫ್ ಒಳಗೆ ಮುಗಿಯತ್ತಾ?

ಹೆಸರು ಕೊಡೋಕೆ ಮುಂಚೆ ಕಟ್ ಆಫ್, ಅಂದ್ರೆ ರೇಸ್ ಮುಗಿಸೋಕೆ ಕೊಟ್ಟಿರೋ ಗಡುವು, ಎಷ್ಟು ಅಂತ ನೋಡಿ, ಆಮೇಲೆ ಲೆಕ್ಕ ಹಾಕಿ. ಫುಲ್‌ಗೆ 8 ಗಂಟೆ ಕೊಟ್ಟಿದ್ರೆ ಗಂಟೆಗೆ ಸುಮಾರು 5.3 ಕಿ.ಮೀ. ನಡೀಬೇಕು, ಟಾಯ್ಲೆಟ್, ನೀರು, ಶೂ ಬಿಚ್ಚಿ ಕಟ್ಟೋದು ಎಲ್ಲಾ ಸೇರಿಸಿ. ಅಂದ್ರೆ ನಡೆಯುವಾಗ 5.7-5.8 ಇರ್ಬೇಕು. ಅಭ್ಯಾಸ ಇದ್ರೆ ಆಗತ್ತೆ. 6 ಗಂಟೆ ಮಾತ್ರ ಅಂದ್ರೆ ಗಂಟೆಗೆ 7 ಕಿ.ಮೀ., ಅದು ಮಾಮೂಲಿ ನಡಿಗೇಲಿ ಆಗೋ ಮಾತಲ್ಲ, ನಡುವೆ ಓಡ್ಲೇಬೇಕು ಇಲ್ಲಾಂದ್ರೆ ರೇಸ್ ವಾಕಿಂಗ್ ಕಲೀಬೇಕು. ಹಾಫ್‌ಗೆ ಮೂರೂವರೆ ಗಂಟೆ ಇದ್ರೆ ಗಂಟೆಗೆ 6, ನಾಲ್ಕು ಗಂಟೆ ಇದ್ರೆ 5.3. ಇನ್ನೊಂದು, ಮಧ್ಯದ ಪಾಯಿಂಟ್‌ಗಳಿಗೂ ಕಟ್ ಆಫ್ ಇರತ್ತೆ, ಹಾಗೇ ಕೆಲವು ಕಡೆ ಕೊನೇ ಬ್ಯಾಚ್ ಹೊರಟ ಹೊತ್ತಿಂದ ಲೆಕ್ಕ, ಕೆಲವು ಕಡೆ ಮೊದಲ ಬ್ಯಾಚ್‌ನಿಂದ. ಅದನ್ನ ಕೇಳಿ ತಿಳ್ಕೊಳ್ಳಿ.

ಸ್ಪೀಡ್ ಬೇಕು ಅಂತ ಹೆಜ್ಜೆ ಉದ್ದ ಮಾಡೋರು ಜಾಸ್ತಿ. ಅದು ಉಲ್ಟಾ. ಹೆಜ್ಜೆ ಚಿಕ್ಕದು, ಬೇಗ ಬೇಗ, ಮೊಣಕೈ ಮಡಚಿ ಕೈ ಬೀಸಿ, ಕೈ ಎಷ್ಟು ಬೇಗ ಬೀಸಿದ್ರೆ ಕಾಲೂ ಅಷ್ಟು ಬೇಗ ಬರತ್ತೆ.

ನಡಿಗೆಯವರಿಗೇ ಅಂತ ದೊಡ್ಡ ಕಾರ್ಯಕ್ರಮಗಳೂ ಇವೆ. ನೆದರ್ಲೆಂಡ್ಸ್‌ನ ನೈಮೇಖನ್‌ನಲ್ಲಿ ಮುಗಿಯೋ ನಾಲ್ಕು ದಿನದ ನಡಿಗೆ 1909ರಿಂದ ಇದೆ, ವಯಸ್ಸು ನೋಡಿ ದಿನಕ್ಕೆ 30, 40 ಅಥವಾ 50 ಕಿ.ಮೀ., ನಾಲ್ಕೂ ದಿನ. ಹಾಂಗ್‌ಕಾಂಗ್‌ನಲ್ಲಿ 1981ರಲ್ಲಿ ಶುರುವಾದ ಟ್ರೈಲ್‌ವಾಕರ್‌ನಲ್ಲಿ ನಾಲ್ಕು ಜನದ ಟೀಮ್ 48 ಗಂಟೆ ಒಳಗೆ 100 ಕಿ.ಮೀ. ಮುಗಿಸ್ಬೇಕು. ನಡಿಗೆ ಅಂದ್ರೆ ಸುಲಭದ್ದು ಅಂತ ಯಾರಾದ್ರೂ ಅಂದ್ರೆ ಇದನ್ನ ಹೇಳಿ.

ರೇಸ್ ವಾಕಿಂಗ್ ಅಂದ್ರೆ ಏನು?

ಅದು ಅಥ್ಲೆಟಿಕ್ಸ್‌ನಲ್ಲಿ ಬೇರೆಯೇ ಸ್ಪರ್ಧೆ, ಎರಡು ರೂಲ್. ಒಂದು, ಬರಿಗಣ್ಣಿಗೆ ಕಾಣೋ ಹಾಗೆ ಎರಡೂ ಕಾಲು ನೆಲ ಬಿಡಬಾರದು. ಎರಡು, ಮುಂದಿಟ್ಟ ಕಾಲು ನೆಲ ಮುಟ್ಟಿದ ಗಳಿಗೆಯಿಂದ ದೇಹದ ಕೆಳಗೆ ನೆಟ್ಟಗೆ ಬರೋವರೆಗೆ ಮಂಡಿ ಮಡಚಬಾರದು. ಜಡ್ಜ್‌ಗಳು ರೆಡ್ ಕಾರ್ಡ್ ಕೊಡ್ತಾ ಹೋಗ್ತಾರೆ. ಸೊಂಟ ತಿರುಗಿಸೋ ಆ ನಡಿಗೆ ನೋಡಿ ನಗೋರು ಒಂದು ಕಿಲೋಮೀಟರ್ ಟ್ರೈ ಮಾಡ್ಲಿ.

ಯಾವ ಶೂ ತಗೋಬೇಕು?

ಹಾಕ್ಕೊಂಡು ಓಡಿದಾಗ ಆರಾಮ ಅನ್ಸಿದ್ದು. ಸೀರಿಯಸ್ಸಾಗೇ ಹೇಳ್ತಿದೀನಿ, ಪಾದದ ಆಕಾರ ನೋಡಿ ಶೂ ಆರಿಸೋದ್ರಿಂದ ಗಾಯ ಕಮ್ಮಿ ಆಗತ್ತೆ ಅನ್ನೋದಕ್ಕೆ ಪುರಾವೆ ತೀರಾ ದುರ್ಬಲ. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನಗಲ ಜಾಗ ಇರ್ಲಿ, ತುಂಬಾ ಹೊತ್ತು ಓಡಿದಾಗ ಪಾದ ಊದಿಕೊಳ್ಳತ್ತೆ, ಅದಕ್ಕೇ ಶೂ ಕೊಳ್ಳೋಕೆ ಸಾಯಂಕಾಲ ಹೋಗಿ, ಓಡೋ ಸಾಕ್ಸೇ ಹಾಕ್ಕೊಂಡು ಹೋಗಿ. 500ರಿಂದ 800 ಕಿ.ಮೀ. ಬಾಳಿಕೆ ಅಂತ ಇಟ್ಕೊಳ್ಳಿ. ರೇಸ್ ಶೂನಲ್ಲಿ ಮುಂಚೆನೇ ಒಂದೆರಡು ಲಾಂಗ್ ರನ್ ಮಾಡಿರ್ಬೇಕು. ಕಾರ್ಬನ್ ಪ್ಲೇಟ್ ಶೂ (ಸೋಲ್ ಒಳಗೆ ಗಟ್ಟಿ ಕಾರ್ಬನ್ ಹಾಳೆ ಇರೋದು) ವೇಗದೋರಿಗೆ ಸಹಾಯ ಮಾಡೋದು ನಿಜ, ಆರು ಗಂಟೆ ಓಡೋರಿಗೆ ಆ ಎತ್ತರದ ಮೆತ್ತನೆ ಸೋಲ್ ಮೇಲೆ ಹಿಮ್ಮಡಿ ಅಲ್ಲಾಡೋದೇ ತಲೆನೋವು.

ಗುಳ್ಳೆ, ತೊಡೆ ಉಜ್ಜೋದು, ಉಗುರು ಕಪ್ಪಾಗೋದು, ಇದಕ್ಕೆಲ್ಲಾ ಏನು ಮಾಡೋದು?

ಗುಳ್ಳೆ ಬರೋದು ಒದ್ದೆ ಚರ್ಮ, ಬಿಸಿ, ಉಜ್ಜಾಟ ಮೂರೂ ಸೇರಿದಾಗ. ಕಾಟನ್ ಸಾಕ್ಸ್ ಬೆವರು ಕುಡಿದು ಹಾಗೇ ಇಟ್ಕೊಳ್ಳತ್ತೆ, ಅದನ್ನ ಬಿಡಿ, ಸಿಂಥೆಟಿಕ್ ಅಥವಾ ತೆಳು ಉಣ್ಣೆಯದು ಹಾಕಿ. ಎಲ್ಲಿ ಸುಡೋಕೆ ಶುರುವಾಯ್ತೋ ಅಲ್ಲೇ ಆಗಲೇ ನಿಂತು ಟೇಪ್ ಹಾಕಿ, "ಇನ್ನೊಂದು ಎರಡು ಕಿಲೋಮೀಟರ್ ಆಗ್ಲಿ" ಅಂದ್ರೆ ಗುಳ್ಳೆ ಗ್ಯಾರಂಟಿ. ತೊಡೆ ಸಂದಿ, ಕಂಕುಳು, ಬ್ರಾ ಅಂಚು ಇಲ್ಲೆಲ್ಲಾ ಪೆಟ್ರೋಲಿಯಂ ಜೆಲ್ಲಿ. ಗಂಡಸರ ಮೊಲೆತೊಟ್ಟು ಉಜ್ಜಿ ರಕ್ತ ಬರೋದು ತಮಾಷೆ ಅಲ್ಲ, ಫೋಟೋದಲ್ಲಿ ಅಂಗಿ ಮೇಲೆ ಎರಡು ಕೆಂಪು ಗೆರೆ ಕಾಣತ್ತೆ, ಅಲ್ಲಿಗೆ ಪುಟ್ಟ ಟೇಪ್. ಉಗುರು ರೇಸ್‌ಗೆ ಮೂರು ನಾಲ್ಕು ದಿನ ಮುಂಚೆ ನೇರಕ್ಕೆ ಕತ್ತರಿಸಿ.

ಸ್ಟ್ರೆಚಿಂಗ್, ಜಿಮ್ ಬೇಕಾ?

ಓಡೋಕೆ ಮುಂಚೆ ನಿಂತಲ್ಲೇ ಕಾಲು ಎಳೆದು ಹಿಡ್ಕೊಳ್ಳೋ ಸ್ಟ್ರೆಚಿಂಗ್ ಗಾಯ ತಡೆಯತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಐದು ನಿಮಿಷ ನಡೆದು, ಕಾಲು ಬೀಸಿ, ನಿಧಾನ ಓಡೋಕೆ ಶುರು ಮಾಡಿದ್ರೆ ಅದೇ ವಾರ್ಮ್ ಅಪ್. ಜಿಮ್ ಇರ್ಲಿ ಬಿಡ್ಲಿ, ವಾರಕ್ಕೆ ಎರಡು ಸಲ 20-30 ನಿಮಿಷ ಸ್ಕ್ವಾಟ್, ಲಂಜ್, ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತೋದು, ಪ್ಲ್ಯಾಂಕ್ ಮಾಡಿ. ಮೀನಖಂಡ ಬಲವಾಗಿರ್ಬೇಕು, ಓಟದ ಭಾರ ಹೊರೋದರಲ್ಲಿ ದೊಡ್ಡ ಪಾಲು ಅದರದ್ದೇ.

ಎಂಥ ನೋವಿಗೆ ನಿಲ್ಲಿಸ್ಬೇಕು?

ಎರಡೂ ಕಾಲಲ್ಲಿ ಒಂದೇ ಥರ, ಅಲ್ಲಲ್ಲಿ ಹರಡಿರೋ ಮೈಕೈ ನೋವು ಮಾಮೂಲಿ, ಓಡ್ತಾ ಓಡ್ತಾ ಸಡಿಲ ಆಗತ್ತೆ. ಒಂದೇ ಕಾಲಲ್ಲಿ, ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ, ಮೂಳೆ ಮೇಲೆ, ಓಡಿದಷ್ಟೂ ಜಾಸ್ತಿ ಆಗೋ, ರಾತ್ರಿ ಮಲಗಿದಾಗಲೂ ಇರೋ ನೋವು ಇದ್ರೆ ಓಟ ಬಂದ್, ಡಾಕ್ಟರ್ ಹತ್ರ ಹೋಗಿ, ಅದು ಮೂಳೆ ಬಿರುಕು ಆಗಿರ್ಬಹುದು. ಶುರುವಿನಲ್ಲಿ ಎಕ್ಸ್‌ರೇಲಿ ಅದು ಕಾಣದೇ ಇರ್ಬಹುದು, ಎಕ್ಸ್‌ರೇ ಚೆನ್ನಾಗಿದೆ ಅಂತ ಮತ್ತೆ ಓಡೋಕೆ ಹೋಗ್ಬೇಡಿ, ನೋವು ಹಾಗೇ ಇದ್ರೆ ಎಂಆರ್‌ಐ ಬೇಕಾಗತ್ತೆ. ಕುಂಟ್ಕೊಂಡು ಓಡೋ ಪರಿಸ್ಥಿತಿ ಬಂದ್ರೆ ಕಾರಣ ಏನೇ ಇರ್ಲಿ ನಿಲ್ಲಿಸಿ. ಮುಟ್ಟು ನಿಂತು ಹೋದ ಓಟಗಾರ್ತಿಯರು ಅದನ್ನ "ಟ್ರೇನಿಂಗ್ ಅಲ್ವಾ, ಹಂಗೇ" ಅಂತ ಬಿಡ್ಬಾರದು, ಊಟ ಸಾಲ್ತಿಲ್ಲ ಅನ್ನೋ ಲಕ್ಷಣ ಅದು, ಮೂಳೆಗೂ ಕೆಟ್ಟದ್ದು.

ಜ್ವರ ಬಂತು, ಎರಡು ವಾರ ಟ್ರೇನಿಂಗ್ ತಪ್ಪಿತು. ಈಗ?

ಜ್ವರ ಇದ್ದಾಗ, ಎದೆಯಲ್ಲಿ ಕಫ ಇದ್ದಾಗ ಓಡ್ಲೇಬೇಡಿ, ವೈರಸ್ ಹೃದಯದ ಸ್ನಾಯುಗೆ ಹತ್ತಿದ್ರೆ ಅಪಾಯ. ಬರೀ ಮೂಗು ಸೋರ್ತಿದ್ರೆ ಹಗುರ ಓಟ ಓಕೆ. ಎರಡು ವಾರದಲ್ಲಿ ಕಳ್ಕೊಂಡಿದ್ದು ನೀವು ಅಂದ್ಕೊಂಡಷ್ಟು ಇಲ್ಲ. ತಪ್ಪಿದ್ದನ್ನ ತುಂಬಿಸೋಕೆ ಹೋಗಿ ಒಂದೇ ವಾರದಲ್ಲಿ ಎರಡು ಲಾಂಗ್ ರನ್ ಮಾಡೋರೇ ಕೆಡೋದು. ತಪ್ಪಿದ್ದು ತಪ್ಪಿತು, ಮುಂದಿನ ವಾರ ಸ್ವಲ್ಪ ಕಮ್ಮಿಯಿಂದ ಹಿಡೀರಿ. ನಾಲ್ಕೈದು ವಾರ ಹೋಗಿದ್ರೆ ಮಾತ್ರ ದೂರ ಕಮ್ಮಿ ಮಾಡೋದೋ ರೇಸ್ ಮುಂದಕ್ಕೆ ಹಾಕೋದೋ ಯೋಚಿಸಿ.

30 ಕಿ.ಮೀ. ಆದ್ಮೇಲೆ ಕಾಲು ಕಲ್ಲಾಗತ್ತಂತೆ, ಯಾಕೆ?

ಇದನ್ನೇ ಓಟಗಾರರು ವಾಲ್, ಅಂದ್ರೆ ಗೋಡೆ, ಅನ್ನೋದು. ದೇಹ ಸ್ನಾಯುಗಳಲ್ಲಿ, ಲಿವರ್‌ನಲ್ಲಿ ಗ್ಲೈಕೋಜನ್ ಅಂತ ಸಕ್ಕರೆ ಕೂಡಿಟ್ಟಿರತ್ತೆ, ಎಲ್ಲಾ ಸೇರಿ ಸುಮಾರು 2000 ಕ್ಯಾಲರಿಯಷ್ಟು. ಓಡೋಕೆ ಪ್ರತಿ ಕಿಲೋಮೀಟರ್‌ಗೆ ನಮ್ಮ ತೂಕದ ಪ್ರತಿ ಕೆ.ಜಿ.ಗೆ ಹತ್ರಹತ್ರ 1 ಕ್ಯಾಲರಿ ಬೇಕು. 70 ಕೆ.ಜಿ. ಇರೋರಿಗೆ ಫುಲ್ ಮ್ಯಾರಥಾನ್ ಅಂದ್ರೆ 2900ರ ಮೇಲೆ. ಉಳಿದಿದ್ದು ಕೊಬ್ಬಿಂದ ಬರ್ಬೇಕು, ಕೊಬ್ಬಿಗೇನೂ ಬರ ಇಲ್ಲ, ಆದ್ರೆ ಅದು ಉರಿಯೋದು ನಿಧಾನ. ಜೋರಾಗಿ ಓಡಿದಷ್ಟೂ ಸಕ್ಕರೆ ಪಾಲು ಜಾಸ್ತಿ ಖರ್ಚಾಗತ್ತೆ. ಹಾಗಾಗಿ ಮೊದಲ 10 ಕಿ.ಮೀ.ನಲ್ಲಿ ಹುಮ್ಮಸ್ಸಿಂದ ಓಡಿದವರ ಸಕ್ಕರೆ 30ರ ಆಸುಪಾಸಿಗೆ ಖಾಲಿ, ಕಾಲು ಎತ್ತೋಕಾಗಲ್ಲ, ತಲೆ ಮಂಕು. ತಪ್ಪಿಸೋ ದಾರಿ ಮೂರು: ಲಾಂಗ್ ರನ್, ಓಡ್ತಾ ತಿನ್ನೋದು, ಶುರುವಿನಲ್ಲಿ ಸ್ಪೀಡ್ ಹಿಡಿದಿಡೋದು. ಮೂರನೇದು ಪುಕ್ಕಟೆ ಸಿಗತ್ತೆ, ಅದನ್ನೇ ಜನ ಮಾಡಲ್ಲ.

ಓಡುವಾಗ ಏನು ತಿನ್ನೋದು, ಎಷ್ಟು?

ಒಂದೂಕಾಲು ಗಂಟೆ ಒಳಗೆ ಮುಗಿಯೋ ರೇಸ್‌ಗೆ ಏನೂ ಬೇಡ. ಅದಕ್ಕಿಂತ ಜಾಸ್ತಿ ಆದ್ರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್. ಎರಡೂವರೆ ಗಂಟೆ ಮೀರೋರು ಗ್ಲೂಕೋಸ್, ಫ್ರಕ್ಟೋಸ್ ಎರಡೂ ಇರೋದನ್ನ ತಗೊಂಡ್ರೆ 90ರವರೆಗೂ ಹೋಗ್ಬಹುದು, ಎರಡಕ್ಕೂ ಕರುಳಲ್ಲಿ ಬೇರೆ ಬೇರೆ ದಾರಿ ಇದೆ. ಒಂದು ಜೆಲ್‌ನಲ್ಲಿ (ಓಡ್ತಾ ಹೀರ್ಕೊಳ್ಳೋ ಸಕ್ಕರೆ ಪಾಕದ ಪುಟ್ಟ ಪ್ಯಾಕೆಟ್) ಸಾಮಾನ್ಯವಾಗಿ 20-30 ಗ್ರಾಂ ಇರತ್ತೆ, ಪ್ಯಾಕೆಟ್ ಮೇಲೆ ನೋಡಿ, ನೀರಿನ ಜೊತೆಗೇ ತಗೊಳ್ಳಿ. ಜೆಲ್ ಆಗಲ್ಲ ಅಂದ್ರೆ ಬಾಳೆಹಣ್ಣು, ಖರ್ಜೂರ, ಜೆಲ್ಲಿ ಮಿಠಾಯಿ. ಹಸಿವಾಗೋವರೆಗೆ ಕಾಯ್ಬೇಡಿ, ಮೊದಲ 30-40 ನಿಮಿಷಕ್ಕೇ ಶುರು ಮಾಡಿ. ಹೊಟ್ಟೇನೂ ಟ್ರೇನಿಂಗ್ ಕೇಳತ್ತೆ, ಲಾಂಗ್ ರನ್‌ಗಳಲ್ಲೇ ಇದನ್ನೆಲ್ಲಾ ತಿಂದು ನೋಡಿ.

ಮುಂಚಿನ ದಿನಗಳ ಕಾರ್ಬ್ ಲೋಡಿಂಗ್ ಅಂದ್ರೆ ಹಿಂದಿನ ರಾತ್ರಿ ಒಂದೇ ಸಲ ಗಂಟಲವರೆಗೆ ತಿನ್ನೋದಲ್ಲ. ಎರಡು ದಿನ ಮುಂಚಿಂದ ಪ್ರತಿ ಊಟದಲ್ಲಿ ಅನ್ನ, ಬ್ರೆಡ್, ಆಲೂಗಡ್ಡೆ ಥರದ್ದು ಜಾಸ್ತಿ, ಎಣ್ಣೆ ಮತ್ತು ನಾರಿನಂಶ ಕಮ್ಮಿ. ತೂಕ ಒಂದೆರಡು ಕೆ.ಜಿ. ಏರತ್ತೆ, ಗಾಬರಿ ಬೇಡ, ಗ್ಲೈಕೋಜನ್ ಜೊತೆ ನೀರೂ ಸೇರ್ಕೊಳ್ಳತ್ತೆ.

ನೀರು ಎಷ್ಟು ಕುಡೀಬೇಕು?

ಬಾಯಾರಿದಷ್ಟು. "ಬಾಯಾರೋಕೆ ಮುಂಚೆನೇ ಕುಡೀರಿ, ಪ್ರತಿ ಸ್ಟಾಲ್‌ನಲ್ಲೂ ಕುಡೀರಿ" ಅನ್ನೋ ಹಳೇ ಸಲಹೆ ಅಪಾಯದ್ದು, ನಿಧಾನ ಓಡೋರಿಗೂ ನಡೆಯೋರಿಗೂ ಇನ್ನೂ ಜಾಸ್ತಿ ಅಪಾಯ, ಯಾಕಂದ್ರೆ ಅವರು ಬೆವರೋದು ಕಮ್ಮಿ, ಕುಡಿಯೋಕೆ ಸಿಗೋ ಹೊತ್ತು ಜಾಸ್ತಿ. ಅತಿಯಾಗಿ ಕುಡಿದ್ರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ ಮೆದುಳು ಊದ್ಕೊಳ್ಳತ್ತೆ, ಜನ ಸತ್ತಿದಾರೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ 13 ಪರ್ಸೆಂಟ್ ಜನರಲ್ಲಿ ಸೋಡಿಯಂ ಕಮ್ಮಿ ಇತ್ತು, ಅದಕ್ಕೆ ದೊಡ್ಡ ಸುಳಿವು ಓಡಿದ್ಮೇಲೆ ತೂಕ ಏರಿರೋದು. ಓಡಿ ಬಂದ್ಮೇಲೆ ತೂಕ ಸ್ವಲ್ಪ ಇಳಿದಿರ್ಬೇಕು, ಏರಿದ್ರೆ ಕುಡಿದಿದ್ದು ಅತಿಯಾಯ್ತು. ಉಪ್ಪಿನ ಮಾತ್ರೆ ನುಂಗ್ತೀನಿ ಅಂತ ಎಷ್ಟು ಬೇಕಾದ್ರೂ ಕುಡಿಯೋ ಹಾಗಿಲ್ಲ, ಅತಿ ನೀರನ್ನ ಅದು ಸರಿ ಮಾಡಲ್ಲ. ಕೈ ಬೆರಳು ಊದಿ ಉಂಗುರ ಬಿಗಿಯಾಗೋದು, ವಾಂತಿ, ತಲೆನೋವು, ಗೊಂದಲ ಇದ್ರೆ ನೀರು ನಿಲ್ಲಿಸಿ ಮೆಡಿಕಲ್ ಟೆಂಟ್‌ಗೆ ಹೋಗಿ.

ಬಿಸಿಲಿದ್ರೆ?

ಟೈಮ್ ಮರೆತುಬಿಡಿ. ಸೆಕೆಗೆ ದೇಹ ಹೊಂದ್ಕೊಳ್ಳೋಕೆ 10-14 ದಿನ ಬೇಕು, ರೇಸ್ ಬಿಸಿಲಲ್ಲಿದ್ರೆ ಅಷ್ಟು ದಿನ ಮುಂಚಿಂದ ಸ್ವಲ್ಪ ಸ್ವಲ್ಪ ಬಿಸಿಲಲ್ಲೂ ಓಡಿ. ತಲೆ, ಕತ್ತಿಗೆ ನೀರು ಹಾಕ್ಕೊಳ್ಳಿ. ಯಾರಾದ್ರೂ ತೂರಾಡ್ತಾ, ಸಂಬಂಧ ಇಲ್ದೆ ಮಾತಾಡ್ತಾ, ಮೈ ಕೆಂಡದಂತೆ ಇದ್ರೆ ಅದು ಹೀಟ್ ಸ್ಟ್ರೋಕ್, ಬೆವರ್ತಿದ್ರೂ ಅದೇ ಆಗಿರ್ಬಹುದು. ಸಹಾಯಕ್ಕೆ ಕೂಗಿ, ಅಲ್ಲೇ ತಣ್ಣೀರು, ಐಸ್‌ನಿಂದ ತಂಪು ಮಾಡೋಕೆ ಶುರು ಮಾಡಿ, ಆಂಬುಲೆನ್ಸ್ ಬರ್ಲಿ ಅಂತ ಕಾಯ್ಬಾರದು.

ರೇಸ್‌ಗೆ ಮುಂಚೆ ಪೇನ್‌ಕಿಲ್ಲರ್ ತಗೊಳ್ಳಲಾ?

ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ್ದು ಬೇಡ್ವೇ ಬೇಡ. ನೀರು ಕಳ್ಕೊಂಡಿರೋ ದೇಹದಲ್ಲಿ ಕಿಡ್ನಿಗೆ ಹೊಡೆತ.

ಟೇಪರ್ ಅಂದ್ರೆ ಏನು? ಕೊನೇ ವಾರ ಮೈಯೆಲ್ಲಾ ನೋವು ಅನ್ಸತ್ತಲ್ಲ?

ಕೊನೇ ಎರಡು ಮೂರು ವಾರ ದೂರಾನ ಅರ್ಧದ ಆಸುಪಾಸಿಗೆ ಇಳಿಸ್ತಾ ಹೋಗೋದು, ಆದ್ರೆ ಓಡೋ ದಿನಗಳು, ನಡುವೆ ಚೂರು ಜೋರು ಓಟ ಹಾಗೇ ಇರ್ಲಿ. ಹಾಫ್‌ಗೆ ಹತ್ತು ದಿನ ಸಾಕು. ಆ ವಾರ ಇಲ್ಲದ ನೋವೆಲ್ಲಾ ಹುಟ್ಟತ್ತೆ, ಮಂಡಿ ಕಟಕಟ ಅನ್ನತ್ತೆ, ಗಂಟಲು ಕೆರೆತ ಬಂದಂಗಾಗತ್ತೆ, ಬಹಳ ಸಲ ಅದು ಬರೀ ತಳಮಳ. ಓಡಿ ಚೆಕ್ ಮಾಡೋಕೆ ಹೋಗ್ಬೇಡಿ. ಹಿಂದಿನ ರಾತ್ರಿ ನಿದ್ದೆ ಬರಲ್ಲ, ಪರವಾಗಿಲ್ಲ, ಅದರ ಹಿಂದಿನ ಎರಡು ಮೂರು ರಾತ್ರಿ ಚೆನ್ನಾಗಿ ಮಲಗಿದ್ರೆ ಆಯ್ತು.

ರೇಸ್ ದಿನ ಎಷ್ಟು ಸ್ಪೀಡ್‌ನಲ್ಲಿ ಶುರು ಮಾಡ್ಲಿ?

ನಿಮಗೆ ನಾಚಿಕೆ ಆಗೋಷ್ಟು ನಿಧಾನಕ್ಕೆ. ಮೊದಲ ಮೂರು ಕಿಲೋಮೀಟರ್ ಜನ, ಡೋಲು, ರೆಸ್ಟ್ ತಗೊಂಡ ಕಾಲು ಎಲ್ಲಾ ಸೇರಿ ಯಾವ ವೇಗಾನೂ ಸುಲಭ ಅನ್ಸತ್ತೆ, ವಾಚ್ ನೋಡ್ಕೊಂಡು ಬ್ರೇಕ್ ಹಾಕಿ.

ಗುರಿ ಹೆಂಗೆ ಇಟ್ಕೊಳ್ಳೋದು ಅಂದ್ರೆ, ಪೀಟ್ ರೀಗಲ್ ಅನ್ನೋ ಎಂಜಿನಿಯರ್ ಕೊಟ್ಟ ಸೂತ್ರ ಇದೆ, ಅದರ ಪ್ರಕಾರ ಹಾಫ್ ಟೈಮನ್ನ ಸುಮಾರು 2.08ರಿಂದ ಗುಣಿಸಿದ್ರೆ ಫುಲ್ ಟೈಮ್. ಹಾಫ್ ಎರಡೂವರೆ ಗಂಟೆ ಇದ್ರೆ ಫುಲ್ ಸುಮಾರು 5 ಗಂಟೆ 12 ನಿಮಿಷ. ಇದು ಚೆನ್ನಾಗಿ ಟ್ರೇನಿಂಗ್ ಆದೋರ ಲೆಕ್ಕ, ಮೊದಲ ಫುಲ್ ಆದ್ರೆ ಇನ್ನೊಂದು 15-20 ನಿಮಿಷ ಸೇರಿಸಿ ಅಂತೀನಿ ನಾನು. 5 ಗಂಟೆಗೆ ಮುಗಿಸ್ಬೇಕು ಅಂದ್ರೆ ಕಿಲೋಮೀಟರ್‌ಗೆ 7 ನಿಮಿಷ 6 ಸೆಕೆಂಡ್, 6 ಗಂಟೆಗೆ 8 ನಿಮಿಷ 31 ಸೆಕೆಂಡ್. ಎರಡೂ ಅರ್ಧ ಸಮ ಇರೋ ಹಾಗೆ, ಆದ್ರೆ ಎರಡನೇದು ಚೂರು ಬೇಗ. 2023ರಲ್ಲಿ ಶಿಕಾಗೋದಲ್ಲಿ ಕೆಲ್ವಿನ್ ಕಿಪ್ಟಮ್ 2:00:35ರಲ್ಲಿ ವಿಶ್ವದಾಖಲೆ ಮಾಡಿದಾಗ್ಲೂ ಮೊದಲ ಅರ್ಧ 60:48, ಎರಡನೇದು 59:47.

ಬೆಳಗ್ಗೆ ಏನೇನು ನೋಡ್ಕೋಬೇಕು?

ಎರಡೂವರೆ ಮೂರು ಗಂಟೆ ಮುಂಚೆ ಅಭ್ಯಾಸ ಇರೋ ತಿಂಡಿ. ಬಿಬ್ (ನಿಮ್ಮ ರೇಸ್ ನಂಬರ್ ಇರೋ ಚೀಟಿ) ಹಿಂದಿನ ರಾತ್ರಿನೇ ಅಂಗಿಗೆ ಪಿನ್ ಮಾಡಿಡಿ, ಹಿಂದುಗಡೆ ತುರ್ತು ನಂಬರ್ ಬರೀರಿ. ಟಾಯ್ಲೆಟ್ ಸಾಲು ನೀವು ಅಂದ್ಕೊಂಡಿದ್ದಕ್ಕಿಂತ ಉದ್ದ ಇರತ್ತೆ. ಹೊಸದು ಯಾವುದೂ ಬೇಡ, ಎಕ್ಸ್‌ಪೋದಲ್ಲಿ (ರೇಸ್‌ಗೆ ಮುಂಚೆ ಬಿಬ್ ಕೊಡೋ ಮೇಳ) ಕೊಂಡ ಸಾಕ್ಸ್ ಕೂಡ ಬೇಡ.

ನನ್ನ ವಾಚ್ 42.8 ತೋರಿಸ್ತು, ದಾರಿ ತಪ್ಪಾಗಿ ಅಳೆದಿದಾರಾ?

ಇಲ್ಲ. ಸರ್ಟಿಫೈಡ್ ಕೋರ್ಸ್‌ನ ಅಳೆಯೋದು ಓಡಬಹುದಾದ ಅತಿ ಹತ್ತಿರದ ದಾರಿಯಲ್ಲಿ, ತಿರುವಿನ ಒಳಅಂಚಿಂದ 30 ಸೆಂ.ಮೀ. ಬಿಟ್ಟು, ಮೇಲೆ ಕಮ್ಮಿ ಆಗದೇ ಇರ್ಲಿ ಅಂತ ಸಾವಿರಕ್ಕೆ ಒಂದರಷ್ಟು, ಅಂದ್ರೆ ಫುಲ್‌ಗೆ 42 ಮೀಟರ್, ಜಾಸ್ತಿ ಸೇರಿಸಿರ್ತಾರೆ. ನಾವು ಜನರನ್ನ ದಾಟ್ಕೊಂಡು, ತಿರುವಲ್ಲಿ ಹೊರಗಿಂದ ಸುತ್ಕೊಂಡು, ನೀರಿಗೆ ಅಂತ ಆ ಕಡೆ ಈ ಕಡೆ ಹೋಗಿ ಓಡ್ತೀವಿ, ಜೊತೆಗೆ ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ಎಡವತ್ತೆ. ಹಾಗಾಗಿ ಗುರಿ ಪೇಸ್‌ನ ಕಿಲೋಮೀಟರ್‌ಗೆ ಮೂರು ನಾಲ್ಕು ಸೆಕೆಂಡ್ ಬೇಗನೇ ಇಟ್ಕೊಳ್ಳಿ, ರಸ್ತೆ ಬದಿ ಬೋರ್ಡ್ ನಂಬಿ.

ಗನ್ ಟೈಮ್, ನೆಟ್ ಟೈಮ್?

ಪಿಸ್ತೂಲ್ ಹಾರಿದಾಗಿಂದ ಲೆಕ್ಕ ಹಾಕಿದ್ದು ಗನ್ ಟೈಮ್, ನಿಮ್ಮ ಚಿಪ್ (ಟೈಮ್ ದಾಖಲಿಸೋಕೆ ಕೊಡೋ ಪುಟ್ಟ ಸಾಧನ) ಶುರುವಿನ ಗೆರೆಯ ಮ್ಯಾಟ್ ದಾಟಿದಾಗಿಂದ ಹಾಕಿದ್ದು ನೆಟ್ ಟೈಮ್. ನಿಮ್ಮ ಟೈಮ್ ಅಂದ್ರೆ ಎರಡನೇದು.

ಮಧ್ಯದಲ್ಲೇ ಬಿಡ್ಬೇಕಾಗಿ ಬಂದ್ರೆ?

ಹತ್ತಿರದ ವಾಲಂಟಿಯರ್‌ಗೆ ಬಿಬ್ ನಂಬರ್ ಹೇಳಿ, ಆಮೇಲೆ ಹೋಗಿ. ಸುಮ್ಮನೆ ಆಟೋ ಹತ್ತಿ ಮನೆಗೆ ಹೋದ್ರೆ ಅವರು ನಿಮ್ಮನ್ನ ಹುಡುಕ್ತಾ ಇರ್ತಾರೆ. ಎದೆನೋವು, ಕಣ್ಣು ಕತ್ತಲೆ ಬಂದು ಬಿಟ್ಟಿದ್ರೆ ಒಬ್ಬರೇ ಹೋಗ್ಬೇಡಿ.

ಮುಗಿದ್ಮೇಲೆ ಏನು? ಮುಂದಿನದಕ್ಕೆ ಯಾವಾಗ ಹೆಸರು ಕೊಡ್ಲಿ?

ಗೆರೆ ದಾಟಿದ ತಕ್ಷಣ ಗಕ್ಕನೆ ನಿಲ್ಬೇಡಿ, ಕೂರ್ಬೇಡಿ, ರಕ್ತವೆಲ್ಲಾ ಕಾಲಲ್ಲಿ ನಿಂತು ತಲೆ ತಿರುಗತ್ತೆ, ಹತ್ತು ನಿಮಿಷ ನಡೀತಾ ಇರಿ. ಒಂದೆರಡು ಗಂಟೆ ಒಳಗೆ ಸರಿಯಾದ ಊಟ. ನೋವು ಎರಡನೇ ದಿನ ಜೋರು, ಮೆಟ್ಟಿಲು ಇಳಿಯೋದು ಹತ್ತೋದಕ್ಕಿಂತ ಕಷ್ಟ, ಹಿಂದುಮುಂದಾಗಿ ಇಳಿಯೋರನ್ನ ನೋಡಿ ಮನೆಯೋರು ನಗ್ತಾರೆ. ಕಾಫಿ ಬಣ್ಣದ ಮೂತ್ರ ಬಂದ್ರೆ ಮಾತ್ರ ತಡ ಮಾಡದೆ ಆಸ್ಪತ್ರೆಗೆ ಹೋಗಿ, ಸ್ನಾಯು ಕರಗಿ ಕಿಡ್ನಿಗೆ ಕೂತಿರೋ ಸೂಚನೆ ಅದು.

ಫುಲ್ ಆದ್ರೆ ಒಂದು ವಾರ ಬರೀ ನಡಿಗೆ, ಎರಡನೇ ವಾರ ಹಗುರ ಓಟ, ಗಟ್ಟಿ ಟ್ರೇನಿಂಗ್ ಮೂರು ನಾಲ್ಕು ವಾರ ಆದ್ಮೇಲೇ. ಹಾಫ್‌ಗೆ ಅದರರ್ಧ. ಮೆಡಲ್ ಹಾಕ್ಕೊಂಡ ಬಿಸೀಲಿ ಅವತ್ತು ಸಾಯಂಕಾಲನೇ ಮುಂದಿನ ತಿಂಗಳ ರೇಸ್‌ಗೆ ದುಡ್ಡು ಕಟ್ಟೋರು ಇದಾರೆ, ಕನಿಷ್ಠ ಎರಡನೇ ವಾರದ ಮೊದಲ ಓಟ ಮುಗಿಸಿ, ಕಾಲು ಏನನ್ನತ್ತೆ ನೋಡಿ, ಆಮೇಲೆ ಫಾರ್ಮ್ ತುಂಬಿ.